ಐದು ಚುಕ್ಕಿ, ಒಂದು ಗೆರೆ: ಭೂಮಿಯ ವಯಸ್ಸನ್ನು ಗ್ರಾಫ್ ಹಾಳೆಯ ಮೇಲೆ ಹುಡುಕಿದ ಒಂದು ಪ್ರಕರಣ

ಇದರಲ್ಲಿ ಬರುವವರ ಹೆಸರಾಗಲಿ ಕಾಲೇಜಾಗಲಿ ಇಲ್ಲಿ ಇಲ್ಲ. ಭೌತವಿಜ್ಞಾನ ಕಲಿಸುವ ಅಧ್ಯಾಪಕಿಯನ್ನು ಮಕ್ಕಳು ಕರೆಯುವಂತೆ ‘ಮೇಡಂ’ ಎಂದೇ ಕರೆಯುತ್ತೇನೆ. ಪ್ರಶ್ನೆ ಎತ್ತಿದ ಹುಡುಗ ಬರೀ ‘ಹುಡುಗ’, ಲೆಕ್ಕ ಹಿಡಿದುಕೊಂಡು ಕೂತಿದ್ದವಳು ‘ಲೆಕ್ಕದ ಹುಡುಗಿ’. ನಾನು ಭೂವಿಜ್ಞಾನ ಓದಿದವನು, ಕರೆದರೆಂದು ಹೋದವನು. ಅಂಕಿಗಳನ್ನು ಮಾತ್ರ ಮರೆಮಾಚಿಲ್ಲ. ಘಾತ ಒತ್ತಲು ಬರುವ ಕ್ಯಾಲ್ಕ್ಯುಲೇಟರ್ ಇದ್ದರೆ ಯಾರು ಬೇಕಾದರೂ ಕೂತು ಮತ್ತೆ ಹಾಕಿ ನೋಡಬಹುದು. ಹಾಗೆ ಹಾಕಿ ನೋಡಲಿ ಎಂಬ ಆಸೆಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ಹಿನ್ನೆಲೆ

ಪದವಿ ತರಗತಿಯ ಏಳು ಜನ ವಾರಕ್ಕೊಮ್ಮೆ ಸೇರಿ ವಿಜ್ಞಾನ ಮಾತಾಡುವ ಒಂದು ಸಣ್ಣ ಕೂಟ. ಆ ವಾರದ ವಿಷಯ ವಿಕಿರಣಶೀಲತೆ. ಮೇಡಂ ಅರ್ಧಾಯುಷ್ಯವನ್ನು, ಅಂದರೆ ವಿಕಿರಣಶೀಲ ವಸ್ತುವಿನ ಪರಮಾಣುಗಳಲ್ಲಿ ಅರ್ಧದಷ್ಟು ಬೇರೊಂದಾಗಿ ಬದಲಾಗಲು ಹಿಡಿಯುವ ಕಾಲವನ್ನು, ಚೆನ್ನಾಗಿಯೇ ವಿವರಿಸಿದರಂತೆ. ಕೊನೆಗೆ, ಹೊತ್ತಾಗಿತ್ತು, ಒಂದು ಮಾತು ಸೇರಿಸಿ ಮುಗಿಸಿದರು: “ಹೀಗೇ ಕಾರ್ಬನ್ ಡೇಟಿಂಗ್ ಮಾಡಿ ಭೂಮಿಗೆ 454 ಕೋಟಿ ವರ್ಷ ಅಂತ ಕಂಡುಹಿಡಿದಿದ್ದಾರೆ.”

ಈ ತಪ್ಪು ಮೇಡಂ ಒಬ್ಬರದ್ದಲ್ಲ. ನಾನು ಇದನ್ನು ಭಾಷಣಗಳಲ್ಲಿ ಕೇಳಿದ್ದೇನೆ, ಪತ್ರಿಕೆಗಳಲ್ಲಿ ಓದಿದ್ದೇನೆ. ‘ಡೇಟಿಂಗ್’ ಅಂದ ಕೂಡಲೇ ‘ಕಾರ್ಬನ್’ ತಾನಾಗಿ ಬಾಯಿಗೆ ಬರುತ್ತದೆ.

ಹುಡುಗ ಮನೆಗೆ ಹೋಗಿ ಲೆಕ್ಕ ಹಾಕಿದ. ಕಾರ್ಬನ್ ಡೇಟಿಂಗಿಗೆ ಬಳಸುವುದು ಕಾರ್ಬನ್-14 ಎಂಬ ಬಗೆ (ಸಂಖ್ಯೆ ಪರಮಾಣುವಿನ ತೂಕದ ಗುರುತು). ಅದರ ಅರ್ಧಾಯುಷ್ಯ 5,730 ವರ್ಷ. 454 ಕೋಟಿಯನ್ನು ಅದರಿಂದ ಭಾಗಿಸಿದರೆ ಸುಮಾರು 8 ಲಕ್ಷ. ಅಂದರೆ ಅದು 8 ಲಕ್ಷ ಸಲ ಅರ್ಧಕ್ಕರ್ಧ ಆಗುತ್ತಾ ಬಂದಿರಬೇಕು. ಅವನು ಅಲ್ಲಿಗೇ ಬಿಡಲಿಲ್ಲ. ಇಡೀ ಭೂಮಿಯೇ ಕಾರ್ಬನ್-14 ರ ಒಂದು ಉಂಡೆಯಾಗಿದ್ದರೆ ಎಂದುಕೊಂಡು ಪರಮಾಣುಗಳನ್ನು ಎಣಿಸಿದ. ಸುಮಾರು 168 ಸಲ ಅರ್ಧವಾಗುವಷ್ಟರಲ್ಲಿ ಒಂದೇ ಒಂದು ಪರಮಾಣು ಉಳಿಯುತ್ತದೆ. 10 ಲಕ್ಷ ವರ್ಷಕ್ಕೂ ಮೊದಲೇ ಖಾಲಿ. ಮುಂದಿನ ವಾರ ಆ ಹಾಳೆಯನ್ನು ಮೇಡಂ ಮುಂದಿಟ್ಟ.

ಮೇಡಂ ಹಾಳೆ ನೋಡಿ ಹೇಳಿದ್ದು ಇಷ್ಟು: “ನಾನು ಹೇಳಿದ್ದು ತಪ್ಪು. ಸರಿ ಯಾವುದು ಅಂತ ನನಗೂ ಪೂರ್ತಿ ಗೊತ್ತಿಲ್ಲ. ಕರೆಸೋಣ ಯಾರನ್ನಾದರೂ.” ಈ ಪ್ರಕರಣದ ಮೊದಲ ತಿರುವು ಇದೇ. ಅವರು “ಅದು ಕಾರ್ಬನ್ ಅಲ್ಲಪ್ಪ, ಯುರೇನಿಯಂ” ಎಂದು ಒಂದೇ ಮಾತಿನಲ್ಲಿ ತೇಪೆ ಹಚ್ಚಿಬಿಟ್ಟಿದ್ದರೆ ಹುಡುಗನೂ ತಲೆಯಾಡಿಸುತ್ತಿದ್ದ, ವಿಷಯ ಅಲ್ಲಿಗೆ ಮುಗಿಯುತ್ತಿತ್ತು.

ನಾನು ಸಿಕ್ಕಿಕೊಂಡದ್ದು

ನನ್ನ ಹತ್ತಿರ ಇಂಥದ್ದಕ್ಕೆಲ್ಲ ಒಂದು ಸಿದ್ಧ ಉಪನ್ಯಾಸ ಇದೆ. ಯುರೇನಿಯಂ-238 ನಿಧಾನವಾಗಿ ಸೀಸ-206 ಆಗುತ್ತದೆ, ಅರ್ಧಾಯುಷ್ಯ 446.8 ಕೋಟಿ ವರ್ಷ. ಯುರೇನಿಯಂ-235 ಸೀಸ-207 ಆಗುತ್ತದೆ, ಅರ್ಧಾಯುಷ್ಯ 70.4 ಕೋಟಿ. ಜಿರ್ಕಾನ್ ಎಂಬ ಪುಟ್ಟ ಹರಳು ಹುಟ್ಟುವಾಗ ಯುರೇನಿಯಮ್ಮನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹತ್ತಿರ ಸೇರಿಸುವುದಿಲ್ಲ. ಹಾಗಾಗಿ ಇವತ್ತು ಅದರೊಳಗೆ ಕಾಣುವ ಸೀಸವೆಲ್ಲ ಯುರೇನಿಯಮ್ಮಿನ ಮಗು ಎಂದು ಧೈರ್ಯವಾಗಿ ಹೇಳಬಹುದು. ಕೆನಡಾದ ಅಕಾಸ್ಟಾ ಶಿಲೆ 403 ಕೋಟಿ ವರ್ಷ ಹಳೆಯದು, ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನ ಒಂದು ಜಿರ್ಕಾನ್ ಕಣ 440 ಕೋಟಿ. ಇಷ್ಟು ಹೇಳಿ ನೀರು ಕುಡಿಯಲು ನಿಂತೆ.

“440 ಆಯ್ತಲ್ಲ ಸರ್. 454 ಎಲ್ಲಿಂದ ಬಂತು?” ಎಂದ ಹುಡುಗ.

ಭೂಮಿ ತನ್ನ ಹಳೆಯ ಹೊದಿಕೆಯನ್ನು ಕರಗಿಸಿ, ಮಡಚಿ, ಮತ್ತೆ ಮತ್ತೆ ಹೊಸದು ಮಾಡಿಕೊಳ್ಳುತ್ತದೆ, ಮೊದಲ ದಿನದ ಶಿಲೆ ಉಳಿದಿಲ್ಲ, ಅತಿ ಹಳೆಯ ಹರಳು ‘ಇದಕ್ಕಿಂತ ಕಡಿಮೆ ಇರಲಾರದು’ ಎಂಬಷ್ಟನ್ನು ಮಾತ್ರ ಹೇಳುತ್ತದೆ ಎಂದೆ. ಒಪ್ಪಿದ. ಒಪ್ಪಿದ ಮೇಲೆ ಇನ್ನೊಂದು ಕೇಳಿದ.

“ಜಿರ್ಕಾನಿನಲ್ಲಿ ಮೊದಲು ಸೀಸ ಇರಲಿಲ್ಲ, ಸರಿ. ಆದರೆ ಭೂಮಿಯಲ್ಲಿ ಮೊದಲೇ ಸೀಸ ಇತ್ತಲ್ಲ? ಅದು ಎಷ್ಟಿತ್ತು ಅಂತ ಯಾರು ನೋಡಿದ್ದರು?”

ಉತ್ತರ ನನಗೆ ಗೊತ್ತಿತ್ತು. ಗೊತ್ತಿರುವ ಉತ್ತರವನ್ನು ಅವನಿಗೆ ನಂಬಿಕೆ ಬರುವ ಹಾಗೆ ಹೇಗೆ ಕೊಡಬೇಕೆಂದು ಗೊತ್ತಿರಲಿಲ್ಲ. “ಉಲ್ಕಾಶಿಲೆಗಳಿಂದ” ಅಂದೆ. ಅವನ ಮುಖ ನೋಡಿದರೆ ಕಾರ್ಬನ್ ಎಂಬ ಪದದ ಜಾಗಕ್ಕೆ ಉಲ್ಕಾಶಿಲೆ ಎಂಬ ಪದ ಬಂದು ಕೂತಿತ್ತು, ಅಷ್ಟೇ.

ಆ ಹುಡುಗ ಕೈಯಿಟ್ಟದ್ದು ಹಳೆಯ ಗಾಯಕ್ಕೇ. ಭೂಮಿಯ ವಯಸ್ಸು ಲೆಕ್ಕ ಹಾಕಲು ಹೊರಟ ದೊಡ್ಡ ದೊಡ್ಡವರೆಲ್ಲ ಎಡವಿದ್ದು ಶುರುವಿನಲ್ಲಿ ಏನಿತ್ತು, ಆಮೇಲೆ ಏನು ನಡೆಯಿತು ಎಂದು ಊಹಿಸಿಕೊಂಡ ಕಡೆಯೇ. ಭೌತವಿಜ್ಞಾನಿ ಕೆಲ್ವಿನ್ 1862 ರಲ್ಲಿ, ಭೂಮಿ ಕರಗಿದ ಉಂಡೆಯಾಗಿ ಹುಟ್ಟಿ ಕಬ್ಬಿಣದ ಸಲಾಕೆ ಆರಿದ ಹಾಗೆ ಆರುತ್ತಾ ಬಂದಿದೆ ಎಂದುಕೊಂಡು 2 ರಿಂದ 40 ಕೋಟಿ ವರ್ಷ ಅಂದರು. ವಯಸ್ಸಾದ ಮೇಲೆ ಅದನ್ನೂ ಇಳಿಸಿ 2 ರಿಂದ 4 ಕೋಟಿಗೆ ತಂದರು. ಒಳಗಿನ ಶಾಖ ಬೇರೆ ರೀತಿ ಸಾಗುತ್ತಿದ್ದರೆ ಲೆಕ್ಕ ಪೂರ್ತಿ ಬದಲಾಗುತ್ತದೆ ಎಂದು ಒಂದು ಕಾಲದಲ್ಲಿ ಅವರದೇ ಸಹಾಯಕರಾಗಿದ್ದ ಜಾನ್ ಪೆರ್ರಿ 1895 ರಲ್ಲಿ ತೋರಿಸಿಕೊಟ್ಟರೂ ಕೇಳಿಸಿಕೊಂಡವರು ಕಡಿಮೆ. 1899 ರಲ್ಲಿ ಐರ್ಲೆಂಡಿನ ವಿಜ್ಞಾನಿ ಜಾನ್ ಜೋಲಿ, ಸಮುದ್ರ ಮೊದಲು ಸಿಹಿನೀರಾಗಿತ್ತು, ನದಿಗಳು ಉಪ್ಪು ತಂದು ತುಂಬಿದವು ಎಂದುಕೊಂಡು 9 ಕೋಟಿಯ ಆಸುಪಾಸಿಗೆ ಬಂದರು. 1907 ರಲ್ಲಿ ಅಮೆರಿಕದ ರಸಾಯನವಿಜ್ಞಾನಿ ಬೋಲ್ಟ್‌ವುಡ್ ಖನಿಜಗಳಲ್ಲಿನ ಯುರೇನಿಯಂ ಮತ್ತು ಸೀಸ ಅಳೆದು 40 ರಿಂದ 220 ಕೋಟಿ ಅಂದರು. ಕಾಣುವ ಸೀಸವೆಲ್ಲ ಯುರೇನಿಯಮ್ಮಿನ ಮಗು ಎಂಬುದು ಅವರ ಊಹೆ. ಮೂವರಿಗೂ ಹುಡುಗನ ಪ್ರಶ್ನೆ ಒಂದೇ: ಮೊದಲು ಎಷ್ಟಿತ್ತು, ಯಾರು ನೋಡಿದ್ದರು?

ಉಪನ್ಯಾಸ ಅಲ್ಲಿಗೇ ನಿಲ್ಲಿಸಿ, “ಮುಂದಿನ ವಾರ ಗ್ರಾಫ್ ಹಾಳೆ ತನ್ನಿ, ನೀವೇ ಹಾಕಿ ನೋಡಿ” ಎಂದು ಎದ್ದೆ. ನಾನು ಆ ದಿನ ಮಾಡಿದ ಒಳ್ಳೆಯ ಕೆಲಸ ಅದೊಂದೇ.

ಮೊದಲ ಪ್ರಯತ್ನ: ಒಂದೊಂದು ಕಲ್ಲಿಗೆ ಒಂದೊಂದು ವಯಸ್ಸು

ಮುಂದಿನ ವಾರ ನಾನು ತೆಗೆದುಕೊಂಡು ಹೋದದ್ದು ಅಮೆರಿಕದ ಭೂರಸಾಯನವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ 1956 ರಲ್ಲಿ ಪ್ರಕಟಿಸಿದ ಐದು ಉಲ್ಕಾಶಿಲೆಗಳ ಅಂಕಿಗಳನ್ನು. ಅದಕ್ಕೂ ಮೊದಲು ಒಂದು ವಿಷಯ ಹೇಳಬೇಕಾಯಿತು. ಸೀಸದಲ್ಲಿ ನಾಲ್ಕು ಬಗೆ. 206, 207 ಯುರೇನಿಯಮ್ಮಿನಿಂದ ಹುಟ್ಟುತ್ತವೆ, 208 ಥೋರಿಯಂ ಎಂಬ ಇನ್ನೊಂದು ವಿಕಿರಣಶೀಲ ಧಾತುವಿನಿಂದ. 204 ಕ್ಕೆ ಮಾತ್ರ ತಾಯಿ ಇಲ್ಲ. ಹಳೆಯ ನಕ್ಷತ್ರಗಳಲ್ಲಿ ಎಷ್ಟು ತಯಾರಾಗಿತ್ತೋ ಅಷ್ಟೇ, ಮತ್ತೆ ಹೆಚ್ಚಿಲ್ಲ. ಹಾಗಾಗಿ 204 ಅನ್ನು ಅಳತೆಗೋಲು ಮಾಡಿಕೊಂಡು ಉಳಿದವು ಅದರ ಎಷ್ಟು ಪಟ್ಟು ಇವೆ ಎಂದು ಬರೆಯುತ್ತಾರೆ. ಬೋರ್ಡಿನ ಮೇಲೆ 206, 207, 208 ಈ ಕ್ರಮದಲ್ಲಿ ಬರೆದದ್ದು:

ಕ್ಯಾನ್ಯನ್ ಡಯಾಬ್ಲೊ: 9.46, 10.34, 29.44
ಹೆನ್ಬರಿ: 9.55, 10.38, 29.54
ಫಾರೆಸ್ಟ್ ಸಿಟಿ: 19.27, 15.95, 39.05
ಮೊಡಾಕ್: 19.48, 15.76, 38.21
ನ್ವೇವೊ ಲಾರೆಡೊ: 50.28, 34.86, 67.97

ಮೊದಲ ಎರಡು ಕಬ್ಬಿಣದ ಉಲ್ಕೆಗಳು, ಉಳಿದ ಮೂರು ಕಲ್ಲಿನವು. ಇಷ್ಟು ಚಿಕ್ಕ ಪಟ್ಟಿಯ ಹಿಂದೆ ಪ್ಯಾಟರ್ಸನ್‌ರ ವರ್ಷಗಟ್ಟಲೆ ಒದ್ದಾಟ ಇದೆ. ಗಾಳಿಯಲ್ಲಿ, ಧೂಳಿನಲ್ಲಿ, ನೀರಿನಲ್ಲಿ, ಎಲ್ಲಿ ನೋಡಿದರೂ ಸೀಸ. ಉಲ್ಕೆಯೊಳಗಿನ ಸೀಸಕ್ಕಿಂತ ಪ್ರಯೋಗಶಾಲೆಯ ಸೀಸವೇ ಹೆಚ್ಚಾಗಿ ಅಳತೆಗೆ ಸಿಗುತ್ತಿತ್ತು. ಅದನ್ನು ಹೊರಗಿಡಲು ಹೋಗಿಯೇ ಅವರು ಅತ್ಯಂತ ಶುಭ್ರವಾದ ಪ್ರಯೋಗಶಾಲೆಯೊಂದನ್ನು ಕಟ್ಟಿಕೊಂಡರು. ಆ ಸೀಸದಲ್ಲಿ ಬಹುಪಾಲು ವಾಹನಗಳ ಪೆಟ್ರೋಲಿನಿಂದ ಬರುತ್ತಿದೆ ಎಂದು ಗೊತ್ತಾದ ಮೇಲೆ ಉಳಿದ ಆಯುಷ್ಯವನ್ನು ಅದರ ವಿರುದ್ಧ ಹೋರಾಡುತ್ತಾ ಕಳೆದರು. ಅದು ಬೇರೆಯೇ ಕಥೆ, ಇನ್ನೊಮ್ಮೆ.

ಏನು ಮಾಡಬೇಕೆಂದು ನಾನು ಹೇಳಲಿಲ್ಲ. ಸೂತ್ರ ಮಾತ್ರ ಕೊಟ್ಟೆ. ಯುರೇನಿಯಂ-235 ಬೇಗ ಕರಗುತ್ತದೆ, 238 ನಿಧಾನ. ಹಾಗಾಗಿ ಮೊದಮೊದಲು 207 ಹೆಚ್ಚಾಗಿ ಹುಟ್ಟುತ್ತದೆ, ಬರಬರುತ್ತಾ 206 ರ ಪಾಲು ಏರುತ್ತದೆ. ಇಂತಿಷ್ಟು ವರ್ಷದಲ್ಲಿ ಹುಟ್ಟಿದ 207 ಕ್ಕೂ ಹುಟ್ಟಿದ 206 ಕ್ಕೂ ಇರುವ ಪ್ರಮಾಣವೇ ಒಂದು ಗಡಿಯಾರ. ಇದರ ಸೊಗಸೆಂದರೆ ಕಲ್ಲಿನಲ್ಲಿ ಯುರೇನಿಯಂ ಎಷ್ಟಿದೆ ಎಂದು ಅಳೆಯುವ ಅಗತ್ಯವೇ ಇಲ್ಲ. ಇವತ್ತಿನ ಯುರೇನಿಯಮ್ಮಿನಲ್ಲಿ 235 ರ ಒಂದು ಪರಮಾಣುವಿಗೆ 238 ರ 137.88 ಇವೆ ಎಂಬುದೂ ಎರಡರ ಅರ್ಧಾಯುಷ್ಯವೂ ಗೊತ್ತಿದ್ದರೆ ಸಾಕು. ವರ್ಷಗಳನ್ನು 235 ರ ಅರ್ಧಾಯುಷ್ಯದಿಂದ ಭಾಗಿಸಿ, 2 ಕ್ಕೆ ಅಷ್ಟು ಘಾತ ಹಾಕಿ 1 ಕಳೆದದ್ದು ಸೂತ್ರದಲ್ಲಿ ಮೇಲೆ; 238 ಕ್ಕೂ ಹಾಗೇ ಮಾಡಿ 137.88 ರಿಂದ ಗುಣಿಸಿದ್ದು ಕೆಳಗೆ. ಲೆಕ್ಕದ ಹುಡುಗಿ ವರ್ಷಗಳನ್ನು ಹಾಕುತ್ತಾ ಹೋಗಿ ಒಂದು ಪಟ್ಟಿ ಮಾಡಿಕೊಂಡಳು: 400 ಕೋಟಿಗೆ 0.425, 450 ಕ್ಕೆ 0.597, 460 ಕ್ಕೆ 0.639, ಹೀಗೆ 540 ರವರೆಗೆ.

ಅವರು ಮಾಡಿದ್ದು ಬೋಲ್ಟ್‌ವುಡ್ ಮಾಡಿದ್ದನ್ನೇ. ಇರುವ ಸೀಸವೆಲ್ಲ ಯುರೇನಿಯಮ್ಮಿನ ಮಗು ಎಂದುಕೊಂಡು ಪ್ರತಿ ಕಲ್ಲಿನ 207 ಅನ್ನು 206 ರಿಂದ ಭಾಗಿಸಿದರು. ನ್ವೇವೊ ಲಾರೆಡೊ 0.693, ಅಂದರೆ 472 ಕೋಟಿ. ಫಾರೆಸ್ಟ್ ಸಿಟಿ 0.828, 497 ಕೋಟಿ. ಕ್ಯಾನ್ಯನ್ ಡಯಾಬ್ಲೊ 1.093, 536 ಕೋಟಿ.

ಒಂದೇ ಸೌರಮಂಡಲದ ಮೂರು ಕಲ್ಲಿಗೆ ಮೂರು ವಯಸ್ಸು. ಅಂತರ ನೋಡಿದರೆ 64 ಕೋಟಿ ವರ್ಷ.

ಯಾರೋ ನಕ್ಕರು. ಹುಡುಗ ನಗಲಿಲ್ಲ. “ಯಾವ ಕಲ್ಲಲ್ಲಿ ಸೀಸ ಕಡಿಮೆ ಹುಟ್ಟಿದೆಯೋ ಅದಕ್ಕೇ ವಯಸ್ಸು ಜಾಸ್ತಿ ಬರ್ತಿದೆ. ಮೊದಲೇ ಇದ್ದ ಸೀಸ ಲೆಕ್ಕ ಕೆಡಿಸ್ತಿದೆ” ಅಂದ. ಹಿಂದಿನ ವಾರ ನನ್ನನ್ನು ಕಟ್ಟಿಹಾಕಿದ ಪ್ರಶ್ನೆಗೆ ಈಗ ಅಂಕಿಯ ರೂಪ ಬಂದಿತ್ತು. ಕೆಟ್ಟಿರುವುದು ಎಷ್ಟು, ಯಾವ ದಿಕ್ಕಿಗೆ ಎಂಬುದೂ ಕಣ್ಣಿಗೆ ಕಾಣುತ್ತಿತ್ತು.

ಕಳೆಯುವ ಉಪಾಯ

ಇಲ್ಲಿಂದ ಮುಂದಿನ ಹೆಜ್ಜೆ ಬಂದದ್ದು ಮೇಡಂ ಅವರಿಂದ. ಅವರು ಬಹಳ ಹೊತ್ತು ಬೋರ್ಡನ್ನೇ ನೋಡುತ್ತಾ ನಿಂತಿದ್ದರು. “ಮೊದಲು ಎಷ್ಟಿತ್ತು ಅಂತ ಗೊತ್ತಿಲ್ಲ, ಸರಿ. ಆದರೆ ಎಲ್ಲ ಕಲ್ಲಿಗೂ ಸೌರಮಂಡಲ ಹುಟ್ಟಿದ ಒಂದೇ ಧೂಳಿನ ಮೋಡದಿಂದ ಬಂದ ಸೀಸ ಅಂದುಕೊಂಡರೆ, ಎರಡು ಕಲ್ಲಿನ ಅಂಕಿಗಳನ್ನು ಒಂದರಿಂದ ಇನ್ನೊಂದು ಕಳೆದಾಗ ಅದು ಹೊರಟುಹೋಗುತ್ತಲ್ಲ?”

ಪ್ರಶ್ನೆಗೆ ಉತ್ತರ ಹುಡುಕುವ ಬದಲು ಆ ಪ್ರಶ್ನೆಯ ಅಗತ್ಯವೇ ಬೀಳದ ಹಾಗೆ ಲೆಕ್ಕವನ್ನು ತಿರುಗಿಸಿಕೊಳ್ಳುವುದು. 1940ರ ದಶಕದಲ್ಲಿ ಭೂವಿಜ್ಞಾನಿ ಹೋಮ್ಸ್, ಭೌತವಿಜ್ಞಾನಿ ಹೌಟರ್ಮನ್ಸ್ ಬೇರೆ ಬೇರೆಯಾಗಿ ಕೂತು ಯೋಚಿಸಿದ್ದೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ. ಎಲ್ಲ ಕಲ್ಲುಗಳೂ ಒಂದೇ ಕಾಲಕ್ಕೆ, ಒಂದೇ ಬಗೆಯ ಸೀಸದಿಂದ ಶುರು ಮಾಡಿರಬೇಕು, ಯುರೇನಿಯಂ ಮಾತ್ರ ಒಂದೊಂದರಲ್ಲಿ ಒಂದೊಂದು ಪ್ರಮಾಣ ಇದ್ದಿರಬೇಕು, ಆಮೇಲೆ ಏನೂ ಒಳಗೆ ಬಂದಿರಬಾರದು, ಹೊರಗೆ ಹೋಗಿರಬಾರದು. ಹಾಗಿದ್ದರೆ 206 ಅನ್ನು ಅಡ್ಡಕ್ಕೆ, 207 ಅನ್ನು ಉದ್ದಕ್ಕೆ ಹಿಡಿದು ಚುಕ್ಕಿ ಇಟ್ಟರೆ ಎಲ್ಲ ಚುಕ್ಕಿಗಳೂ ಒಂದೇ ಗೆರೆಯ ಮೇಲೆ ಬರಬೇಕು. ಗೆರೆಯ ಇಳಿಜಾರೇ ವಯಸ್ಸು ಹೇಳುತ್ತದೆ. ಹಾಗೆ ಬರದೆ ಚುಕ್ಕಿಗಳು ಚದುರಿ ಹೋದರೆ ಈ ಊಹೆಗಳಲ್ಲಿ ಯಾವುದೋ ಒಂದು ಸುಳ್ಳು.

ಕ್ಯಾನ್ಯನ್ ಡಯಾಬ್ಲೊ ಮುಖ್ಯವಾಗುವುದು ಇಲ್ಲಿಯೇ. ಅದರೊಳಗೆ ಟ್ರಾಯ್ಲೈಟ್ ಎಂಬ ಕಬ್ಬಿಣ-ಗಂಧಕದ ಖನಿಜ ಇದೆ. ಸೀಸ ಇದೆ, ಯುರೇನಿಯಂ ಇಲ್ಲವೆನ್ನುವಷ್ಟು ಕಡಿಮೆ. ತಾಯಿಯೇ ಇಲ್ಲದ ಮೇಲೆ ಮಗು ಹುಟ್ಟುವುದಾದರೂ ಹೇಗೆ? ಅದರ ಸೀಸ ಮೊದಲ ದಿನ ಹೇಗಿತ್ತೋ ಹಾಗೇ ಉಳಿದಿದೆ. ‘ಯಾರು ನೋಡಿದ್ದರು’ ಎಂದು ಕೇಳಿದರೆ, ಈ ಕಲ್ಲೊಂದು ನೋಡಿಕೊಂಡು ಸುಮ್ಮನೆ ಕೂತಿತ್ತು ಅನ್ನಬಹುದು.

516 ಕೋಟಿ

ಗ್ರಾಫ್ ಹಾಳೆಯಲ್ಲಿ ಒಂದು ಸೆಂಟಿಮೀಟರಿಗೆ 4 ರಂತೆ ಅಳತೆ ಹಿಡಿದರು. ಮೊದಲ ಎರಡು ಚುಕ್ಕಿಗಳ ನಡುವೆ ಪೆನ್ಸಿಲ್ ಮೊನೆಯಷ್ಟೂ ಜಾಗ ಇರಲಿಲ್ಲ, ಎರಡೂ ಸೇರಿ ಒಂದೇ ಚುಕ್ಕಿಯಾದವು. ನಡುವೆ ಜೋಡಿಯಾಗಿ ಎರಡು. ಐದನೆಯದು ದೂರದಲ್ಲಿ, ಹಾಳೆಯ ಮೇಲ್ತುದಿಯಲ್ಲಿ. ಸ್ಕೇಲ್ ಇಟ್ಟು ಮೊದಲಿನದಕ್ಕೂ ಕೊನೆಯದಕ್ಕೂ ಗೆರೆ ಎಳೆದರು. ನಡುವಿನ ಜೋಡಿಯಲ್ಲಿ ಒಂದು ಗೆರೆಗಿಂತ ಕೂದಲೆಳೆಯಷ್ಟು ಮೇಲೆ, ಇನ್ನೊಂದು ಒಂದೂವರೆ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಕೆಳಗೆ. ಚಪ್ಪಾಳೆ ಹೊಡೆದರು. ಇಳಿಜಾರು ತೆಗೆದರು: 0.944. ಪಟ್ಟಿ ನೋಡಿದರೆ ಸುಮಾರು 516 ಕೋಟಿ ವರ್ಷ.

ನಾನು ಗುಣಾಕಾರ ತಪ್ಪಿರಬೇಕೆಂದೆ. ಲೆಕ್ಕದ ಹುಡುಗಿ ಮತ್ತೆ ಹಾಕಿದಳು, ಅದೇ ಬಂತು. ನಾನು ಮೂರನೆಯ ಸಲ ಹಾಕಲು ಹೇಳಿದೆ. ಆಗ ಹುಡುಗ ಕೇಳಿದ ಮಾತನ್ನು ನಾನು ಇನ್ನೂ ಮರೆತಿಲ್ಲ. “ಸರ್, 454 ಅಂತ ಮೊದಲೇ ಗೊತ್ತಿರೋದಕ್ಕೆ ತಾನೇ ಇದು ತಪ್ಪು ಅಂತೀರ? ಗೊತ್ತಿಲ್ಲದೇ ಇದ್ದಿದ್ದರೆ ಇದನ್ನೇ ಬರ್ಕೊಂಡು ಹೋಗ್ತಿದ್ವಲ್ಲ?”

ಹೌದು, ಹಾಗೇ ಆಗುತ್ತಿತ್ತು. ಚುಕ್ಕಿಗಳು ಒಂದೇ ಗೆರೆಗೆ ಬಂದಿದ್ದವು. ಗೆರೆ ಬಂದರೆ ಊಹೆಗಳು ಸರಿ ಎಂದು ನಾನೇ ಹೇಳಿದ್ದೆ. ಬಂದ ಉತ್ತರ ಪುಸ್ತಕದ ಉತ್ತರಕ್ಕೆ ಹೊಂದಲಿಲ್ಲವೆಂದು ಮತ್ತೆ ಮತ್ತೆ ಹಾಕಿಸುತ್ತಿದ್ದೆ. ಹೊಂದಿದ್ದರೆ ಒಂದೇ ಸಲಕ್ಕೆ ಒಪ್ಪಿಬಿಡುತ್ತಿದ್ದೆ. ಸಂಶೋಧನೆಯಲ್ಲಿ ಇದಕ್ಕಿಂತ ದೊಡ್ಡ ಹಳ್ಳ ಇನ್ನೊಂದಿಲ್ಲ. ಅದಕ್ಕೆ ನಾನು ವಿದ್ಯಾರ್ಥಿಗಳ ಎದುರಿಗೇ ಬಿದ್ದಿದ್ದೆ.

ಮೇಡಂ ಅಲ್ಲಿಗೇ ಒಂದು ನಿಯಮ ಮಾಡಿದರು. 454 ಎಂಬ ಸಂಖ್ಯೆಯನ್ನು ಯಾರೂ ಬಾಯಿಗೆ ತರಬಾರದು. ಆ ಸಂಖ್ಯೆಯ ಸಹಾಯ ಇಲ್ಲದೆ ತಪ್ಪು ಹುಡುಕಬೇಕು, ಸಿಗದಿದ್ದರೆ 516 ನಿಲ್ಲಲಿ.

ಹದಿನೈದು ನಿಮಿಷ ಹಿಡಿಯಿತು. ಹಿಂದಿನ ಬೆಂಚಿನಲ್ಲಿ ಅಲ್ಲಿಯವರೆಗೆ ಬಾಯಿ ಬಿಡದೆ ಕೂತಿದ್ದ ಒಬ್ಬಳು ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. ಉದ್ದದ ಅಕ್ಷದ ಮೊದಲ ಚುಕ್ಕಿ 29 ರ ಹತ್ತಿರ ಇತ್ತು. “ಸೂತ್ರದಲ್ಲಿ ಮೇಲೆ ಇರೋದು 235. ಅದರ ಮಗು 207. ನಾವು ಉದ್ದಕ್ಕೆ ಹಾಕಿರೋದು 208.” ಪಟ್ಟಿಯ ಎರಡನೆಯ ಕಾಲಂ ಬಿಟ್ಟು ಮೂರನೆಯದನ್ನು ಹಿಡಿದಿದ್ದರು. ಥೋರಿಯಮ್ಮಿನ ಮಗುವನ್ನು ತಂದು ಯುರೇನಿಯಮ್ಮಿನ ಗಡಿಯಾರಕ್ಕೆ ಕಟ್ಟಿದ್ದರು. ನಾನೂ ಗಮನಿಸಿರಲಿಲ್ಲ.

ಹೊಸ ಹಾಳೆ. ಈ ಸಲ ನಡುವಿನ ಎರಡೂ ಚುಕ್ಕಿ ಗೆರೆಗಿಂತ ಸ್ವಲ್ಪ ಕೆಳಗೇ ಬಿದ್ದವು, ಒಂದು ಮುಕ್ಕಾಲು ಮಿಲಿಮೀಟರು, ಇನ್ನೊಂದು ಒಂದೂವರೆ. ಅಂದರೆ ಕಣ್ಣಿಗೆ ಈ ಗೆರೆ ತಪ್ಪು ಗ್ರಾಫಿನ ಗೆರೆಗಿಂತ ಹೆಚ್ಚು ನೇರ ಏನಲ್ಲ. 34.86 ರಿಂದ 10.34 ಕಳೆದರೆ 24.52. 50.28 ರಿಂದ 9.46 ಕಳೆದರೆ 40.82. ಭಾಗಿಸಿದರೆ 0.601. ಪಟ್ಟಿಯಲ್ಲಿ 450 ಕ್ಕೂ 460 ಕ್ಕೂ ನಡುವೆ. 451 ಹಾಕಿ ನೋಡಿದಳು, ಕೂತಿತು.

ಒಂದೊಂದು ಕಲ್ಲೂ 472, 497, 536 ಎಂದು ಒಂದೊಂದು ಹೇಳುತ್ತಿದ್ದದ್ದು, ಎಲ್ಲವನ್ನೂ ಒಟ್ಟಿಗೆ ಕೂರಿಸಿ ಕೇಳಿದಾಗ 451 ಎಂದಿತು.

ಪ್ಯಾಟರ್ಸನ್ ಪ್ರಕಟಿಸಿದ್ದು 455 ಕೋಟಿ, ಹೆಚ್ಚುಕಡಿಮೆ 7 ಕೋಟಿ. ನಮ್ಮದು ಬೇರೆ ಬರಲು ಎರಡು ಕಾರಣ. ನಾವು ಎರಡು ತುದಿ ಹಿಡಿದು ಗೆರೆ ಎಳೆದೆವು, ಅವರು ಐದೂ ಕಲ್ಲುಗಳನ್ನು ಅವುಗಳ ಅಳತೆಯ ದೋಷದ ಸಮೇತ ತೂಗಿದರು. ಎರಡನೆಯದು, ಅವರ ಕಾಲದ ಅರ್ಧಾಯುಷ್ಯದ ಅಂಕಿಗಳು ಬೇರೆ. 1971 ರಲ್ಲಿ ಅವನ್ನು ಇನ್ನಷ್ಟು ಸೂಕ್ಷ್ಮವಾಗಿ ಅಳೆದರು, ಈಗ ಬಳಸುವುದು ಆ ಹೊಸ ಅಂಕಿಗಳನ್ನು.

“ಇದು ಆಕಾಶದಿಂದ ಬಿದ್ದ ಕಲ್ಲಿನ ವಯಸ್ಸು”

ನನಗೆ ಕೆಲಸ ಮುಗಿಯಿತು ಅನ್ನಿಸಿತ್ತು. ಹುಡುಗನಿಗೆ ಅನ್ನಿಸಿರಲಿಲ್ಲ. ಭೂಮಿಯ ವಯಸ್ಸು ಕೇಳಿದರೆ ಉಲ್ಕೆಯ ವಯಸ್ಸು ಕೊಟ್ಟಿರಿ ಎಂಬುದು ಅವನ ತಕರಾರು. ಪ್ಯಾಟರ್ಸನ್‌ಗೂ ಈ ತಕರಾರು ಗೊತ್ತಿತ್ತು. ಅದಕ್ಕೇ ಅವರು ಸಾಗರದ ತಳದ ಕೆಸರಿನ ಸೀಸವನ್ನು ತಂದು ಅದೇ ಗೆರೆಯ ಪಕ್ಕಕ್ಕಿಟ್ಟು ನೋಡಿದರು. ನಾನಾ ಖಂಡಗಳಿಂದ ತೊಳೆದು ಬಂದು ಬೆರೆತ ಕೆಸರು, ಭೂಮಿಯ ಸರಾಸರಿ ಸೀಸಕ್ಕೆ ಹತ್ತಿರದ ನಮೂನೆ. ಅದು ಗೆರೆಯ ಹತ್ತಿರವೇ ಬಂತು. ಭೂಮಿಯೂ ಉಲ್ಕೆಗಳೂ ಒಂದೇ ಸಂಸಾರದವು ಎಂದು ಅವರು ಹೇಳಲು ಆಧಾರ ಅದು.

ನಾವು ಭೂಮಿಯ ಹೊರಪದರದ ಇವತ್ತಿನ ಸರಾಸರಿ ಸೀಸಕ್ಕೆ 1975 ರಿಂದ ಬಳಕೆಯಲ್ಲಿರುವ 18.70 ಮತ್ತು 15.63 ಎಂಬ ಅಂಕಿಗಳನ್ನು ತೆಗೆದುಕೊಂಡೆವು. ಚುಕ್ಕಿ ಇಟ್ಟರೆ ಗೆರೆಗೆ ಅಂಟಿದ ಹಾಗೇ ಕಂಡಿತು. ಎಲ್ಲರಿಗೂ ಸಮಾಧಾನ. ಆದರೆ ಈಗ ಅವರಿಗೆ ಕಣ್ಣಿನ ಮೇಲೆ ನಂಬಿಕೆ ಹೋಗಿತ್ತು. ಕ್ಯಾನ್ಯನ್ ಡಯಾಬ್ಲೊದಿಂದ ಈ ಚುಕ್ಕಿಗೆ ಇಳಿಜಾರು ತೆಗೆದರು: 0.573. ವಯಸ್ಸು 444 ಕೋಟಿ.

ಉಲ್ಕೆಗಳಿಗೆ 451, ಭೂಮಿಗೆ 444. ಏಳು ಕೋಟಿ ವರ್ಷ ಎಲ್ಲಿಗೆ ಹೋಯಿತು?

ಇದನ್ನು ನಾನು ಒಂದು ಗಂಟೆ ಎಳೆದೆ, ಎಳೆದದ್ದಕ್ಕೆ ಬೇಸರವಿಲ್ಲ. ಭೂಮಿ ಒಂದು ದಿನ ಬೆಳಿಗ್ಗೆ ಹುಟ್ಟಲಿಲ್ಲ. ಧೂಳು ಉಂಡೆಯಾಗಿ, ಉಂಡೆಗೆ ಉಂಡೆ ಡಿಕ್ಕಿ ಹೊಡೆದು ಇಷ್ಟು ದೊಡ್ಡದಾಗಲು ಕೋಟಿಗಟ್ಟಲೆ ವರ್ಷ ಹಿಡಿಯಿತು. ಆ ಹೊತ್ತಿನಲ್ಲೇ ಕಬ್ಬಿಣ ಕರಗಿ ಒಳಕ್ಕಿಳಿದು ಗರ್ಭವಾಯಿತು. ಇಳಿಯುವಾಗ ಕಬ್ಬಿಣ ತನ್ನ ಜೊತೆ ಸ್ವಲ್ಪ ಸೀಸವನ್ನೂ ಎಳೆದುಕೊಂಡು ಹೋಗಿರಬಹುದು, ಯುರೇನಿಯಂ ಮಾತ್ರ ಮೇಲಿನ ಕಲ್ಲಿನಲ್ಲೇ ಉಳಿಯಿತು. ಹಾಗಾದಾಗ ಗಡಿಯಾರದ ಮುಳ್ಳನ್ನು ಅರ್ಧ ದಾರಿಯಲ್ಲಿ ಯಾರೋ ಸರಿಸಿದಂತಾಗುತ್ತದೆ. ಹಾಗಾಗಿ ಭೂಮಿಯ ಸೀಸ ತೋರಿಸುವ ಕಾಲ ಭೂಮಿ ಶುರುವಾದ ಕಾಲವಲ್ಲ, ಹೆಚ್ಚೆಂದರೆ ಅದು ಕಟ್ಟಿ ಮುಗಿಯುತ್ತಾ ಬಂದ ಕಾಲದ ಒಂದು ಮಸುಕು ಗುರುತು. ಸೀಸದ ಚುಕ್ಕಿ ಗೆರೆಯಿಂದ ಸ್ವಲ್ಪ ಪಕ್ಕಕ್ಕೆ ಏಕೆ ಎಂಬುದರಲ್ಲಿ ತಜ್ಞರಿಗೆ ಇವತ್ತಿಗೂ ಒಮ್ಮತವಿಲ್ಲ.

“ಹಾಗಾದರೆ 454 ಯಾವುದರ ವಯಸ್ಸು ಸರ್?” ಎಂದಳು ಲೆಕ್ಕದ ಹುಡುಗಿ.

ಉಲ್ಕೆಗಳಲ್ಲಿ ಸಿಗುವ, ಸೌರಮಂಡಲದಲ್ಲೇ ಮೊದಲು ಗಟ್ಟಿಯಾದ ಬಿಳಿಯ ಕಣಗಳಿಗೆ 456.7 ಕೋಟಿ. ಭೂಮಿಯಲ್ಲಿ ಸಿಕ್ಕ ಅತಿ ಹಳೆಯ ಹರಳಿಗೆ 440 ಕೋಟಿ. ಭೂಮಿ ಹುಟ್ಟಿದ್ದು ಈ ಎರಡರ ನಡುವೆ ಎಲ್ಲೋ. 454 ಎನ್ನುವಾಗ ಅದರ ಬೆನ್ನಿಗೇ ‘ಹೆಚ್ಚುಕಡಿಮೆ ಶೇಕಡಾ 1’ ಎಂದು ಬರೆಯುತ್ತಾರೆ, ಅಂದರೆ ಆಚೆ ಈಚೆ ಸುಮಾರು 5 ಕೋಟಿ. ಪಠ್ಯಪುಸ್ತಕ ಆ ಬಾಲವನ್ನು ಕತ್ತರಿಸಿ ಬರೀ ತಲೆಯನ್ನು ಕೊಡುತ್ತದೆ. ಮಕ್ಕಳು ಅದನ್ನು ಹುಟ್ಟಿದ ತಾರೀಕು ಎಂದುಕೊಳ್ಳುತ್ತಾರೆ.

ಏನಾಯಿತು, ನಾನು ಏನು ಬದಲಾಯಿಸಿಕೊಂಡೆ

ಮೇಡಂ ಈಗ ಈ ಪಾಠವನ್ನು ಕಾರ್ಬನ್ನಿನಿಂದಲೇ ಶುರು ಮಾಡುತ್ತಾರೆ. ತಾವು ತಪ್ಪು ಹೇಳಿದ್ದನ್ನು ಹೇಳಿ, ಹುಡುಗನ 168 ಸಲದ ಲೆಕ್ಕವನ್ನು ಬೋರ್ಡಿನ ಮೇಲೆ ಹಾಕುತ್ತಾರೆ. ಆಮೇಲೆ ಒಂದೊಂದು ಕಲ್ಲಿಗೆ ಒಂದೊಂದು ವಯಸ್ಸು ಬರುವ ಗೊಂದಲ, ಅದಾದ ಮೇಲೆ ಗೆರೆ. ಈ ಕ್ರಮವನ್ನು ತಿರುಗಿಸಿ ಮೊದಲೇ ಗೆರೆ ಕೊಟ್ಟು ನೋಡಿದರಂತೆ, ಇನ್ನೊಂದು ತಂಡದ ಜೊತೆ. ಅವರೂ ಉತ್ತರ ತಂದರು, ಆದರೆ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. 536 ಬಂದು ಕೆಟ್ಟುಹೋದ ಮೇಲೆ ಮಾತ್ರ 451 ಕ್ಕೆ ತೂಕ ಬರುತ್ತದೆ ಎನ್ನುತ್ತಾರೆ ಅವರು. ನನಗೂ ಹಾಗೇ ಅನ್ನಿಸುತ್ತದೆ.

ನನ್ನದು ಒಂದು ಕೊರತೆ ಉಳಿಯಿತು. ಅರ್ಧಾಯುಷ್ಯ ಹಿಂದೆಯೂ ಇಷ್ಟೇ ಇತ್ತು ಎಂದು ಹೇಗೆ ಗೊತ್ತು ಎಂದು ಆ ದಿನ ಯಾರೋ ಕೇಳಿದ್ದಕ್ಕೆ “ಇತ್ತು ಅಂತ ತಿಳಿದವರು ಹೇಳ್ತಾರೆ” ಎಂಬಂಥ ಉತ್ತರ ಕೊಟ್ಟು ಜಾರಿಕೊಂಡಿದ್ದೆ. ಉತ್ತರ ಇತ್ತು. 1987 ರಲ್ಲಿ ಕಾಣಿಸಿಕೊಂಡ ಸಿಡಿದ ನಕ್ಷತ್ರದ, ಅಂದರೆ ಸೂಪರ್‌ನೋವಾದ ಬೆಳಕು ನಮ್ಮನ್ನು ಮುಟ್ಟಲು ಸುಮಾರು 1.7 ಲಕ್ಷ ವರ್ಷ ಹಿಡಿದಿತ್ತು. ಅದರಲ್ಲಿ ಕೋಬಾಲ್ಟ್-56 ಎಂಬ ವಿಕಿರಣಶೀಲ ಬಗೆ ಕ್ಷೀಣಿಸಿದ ವೇಗ ನಮ್ಮ ಪ್ರಯೋಗಶಾಲೆಯಲ್ಲಿ ಅಳೆದ ವೇಗಕ್ಕೆ ಸಮ. ಆಫ್ರಿಕಾದ ಗ್ಯಾಬೊನ್ ದೇಶದ ಓಕ್ಲೊದಲ್ಲಿ ಸುಮಾರು 200 ಕೋಟಿ ವರ್ಷದ ಹಿಂದೆ ಯುರೇನಿಯಂ ಅದಿರು ತಾನೇ ತಾನಾಗಿ ಪರಮಾಣು ರಿಯಾಕ್ಟರಿನಂತೆ ಉರಿದು ಬಿಟ್ಟುಹೋದ ಗುರುತುಗಳೂ ಪರಮಾಣುವಿನೊಳಗಿನ ನಿಯಮಗಳು ಆಗ ಬೇರೆ ಇರಲಿಲ್ಲ ಎನ್ನುತ್ತವೆ. ಇವೆರಡನ್ನೂ ಮರುವಾರ ಹೋಗಿ ಹೇಳಿ ಬಂದೆ. ಕೇಳಿದ ದಿನವೇ ಹೇಳಿದ್ದರೆ ಬೇರೆ ಮಾತಾಗಿತ್ತು.

ಅದೇ ದಿನ ಹಿಂದಿನ ಬೆಂಚಿನವಳು ಆ ತಪ್ಪು ಗ್ರಾಫನ್ನು ತಂದಿದ್ದಳು. ಎಸೆದಿರಬಹುದು ಅಂದುಕೊಂಡಿದ್ದೆ. ಗೆರೆ ಅಷ್ಟು ನೇರವಾಗಿ ಬಂದದ್ದಕ್ಕೆ ಏನಾದರೂ ಅರ್ಥ ಇರಲೇಬೇಕು ಎಂದು ಅವಳಿಗೆ ಅನ್ನಿಸಿತ್ತಂತೆ. ವಯಸ್ಸನ್ನು 451 ಕೋಟಿ ಎಂದಿಟ್ಟುಕೊಂಡು, ಅಷ್ಟು ವರ್ಷದಲ್ಲಿ ಒಂದು ಪಾಲು ಥೋರಿಯಂ ಎಷ್ಟು 208 ಕೊಡುತ್ತದೆ, ಒಂದು ಪಾಲು ಯುರೇನಿಯಂ-238 ಎಷ್ಟು 206 ಕೊಡುತ್ತದೆ ಎಂದು ಬೇರೆ ಬೇರೆ ಲೆಕ್ಕ ಹಾಕಿದ್ದಳು. ಮೊದಲನೆಯದು 0.25, ಎರಡನೆಯದು 1.01. 0.944 ಅನ್ನು ಇವುಗಳ ಪ್ರಮಾಣದಿಂದ ಭಾಗಿಸಿ ಹಾಳೆಯ ಮೂಲೆಯಲ್ಲಿ 3.8 ಎಂದು ಬರೆದು ಸುತ್ತ ಒಂದು ವೃತ್ತ ಎಳೆದಿದ್ದಳು.

“ಉಲ್ಕೆಗಳಲ್ಲಿ ಯುರೇನಿಯಮ್ಮಿಗಿಂತ ಥೋರಿಯಂ ಇಷ್ಟು ಪಟ್ಟು ಜಾಸ್ತಿ ಇರಬೇಕು ಸರ್. ಸರಿನಾ?”

ಉಲ್ಕೆಗಳಲ್ಲಿ ಆ ಎರಡನ್ನೂ ನೇರವಾಗಿ ಅಳೆದಾಗ ಸಿಗುವುದೂ ಹೆಚ್ಚುಕಡಿಮೆ ಅಷ್ಟೇ. ಹಾಳೆಯನ್ನು ಮೇಡಂ ಇಸ್ಕೊಂಡರು.